ಒಂಬತ್ತೂ ನಲವತ್ತಕ್ಕೆ

ದಿನಾ ಅದೇ ಹೊತ್ತು. ಒಂಬತ್ತೂ ನಲವತ್ತು.
ಒಂದೆರಡು ನಿಮಿಷ ಅತ್ತ, ಇತ್ತ.
ಮೂವತ್ತೆಂಟರಲ್ಲಿ ತಣ್ಣಗೆ ಮಲಗಿದ್ದ ಪಿಂಗು
ಎಂಟುನೂರಕ್ಕೆ ಜಿಗಿಯುತ್ತದೆ.
ನಾನು ಗೋಡೆಯ ಮರೆಗೆ ಓಡಿದ್ದೇನೆ,
ನನ್ನ ಕಣ್ಣಿನಲ್ಲಿ ಓಡಿದ್ದೇನೆ,
ಸರ್ವರಿನ ಲೆಕ್ಕದಲ್ಲಿ ಇನ್ನೂ ಬಯಲಲ್ಲೇ ನಿಂತಿದ್ದೇನೆ,
ಸತ್ತಿದ್ದೇನೆ.

‘ಉಗ್ನೆ, ಮತ್ತೆ ಕಂಬವಾದೆಯಾ?’
ಕುತೈಸಿಯಿಂದ ಜಾಬಾ ನಗುತ್ತಾನೆ.
ನಗುವೂ ತುಂಡು ತುಂಡಾಗಿ ಬರುತ್ತದೆ,
ಬಾಲ ಮೊದಲು, ತಲೆ ಆಮೇಲೆ.

ಮೊದಲು ಬೈದದ್ದು ಆಟವನ್ನು.
ಆಮೇಲೆ ಸರ್ವರನ್ನು. ಅದೆಲ್ಲೋ ಸ್ಟಾಕ್‌ಹೋಮಿನಲ್ಲಿ
ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು.
ಆಮೇಲೆ ವೈಫೈಯನ್ನು:
ಸೋವಿಯತ್ ಕಾಲದ ಕಾಂಕ್ರೀಟು ಪೆಟ್ಟಿಗೆ ಈ ಮನೆ,
ಮೊಳೆಯೇ ಇಳಿಯದ ಗೋಡೆಗೆ ಅಲೆ ಇಳಿದೀತೆ?
ಹದಿನೈದು ಮೀಟರು ನೀಲಿ ತಂತಿ ತಂದು
ಹಜಾರದುದ್ದಕ್ಕೂ ಎಳೆದೆ. ಅಜ್ಜಿ ಎರಡು ಸಲ ಎಡವಿದಳು.
ಒಂಬತ್ತೂ ನಲವತ್ತೊಂದಕ್ಕೆ ಮತ್ತೆ ಸತ್ತೆ.

ಡ್ರೈವರು ಬದಲಿಸಿದೆ.
ಫ್ಯಾನಿಗೆ ಸುತ್ತಿದ ಬೆಕ್ಕಿನ ಕೂದಲು ಬಿಡಿಸಿದೆ,
ಬೆಕ್ಕನ್ನೂ ಬೈದೆ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ;
ನಮ್ಮ ಮನೆಯಲ್ಲಿ ಬರೆ ಬೀಳದ ಎಮ್ಮೆಯೇ ಉಳಿಯಲಿಲ್ಲ.
‘ನಮ್ಮ ಕಡೆ ಎಲ್ಲ ಸರಿಯಿದೆ’ ಎಂದಿತು
ಕಂಪನಿಯ ಸುಸ್ತಾದ ದನಿ, ಹಗಲು ಹನ್ನೊಂದಕ್ಕೆ.
ಹಗಲು ಹನ್ನೊಂದಕ್ಕೆ ಎಲ್ಲವೂ ಸರಿಯೇ.

ಕೊನೆಗೆ ಬೈಯುವುದು ಬಿಟ್ಟು ನೋಡತೊಡಗಿದೆ.
ಕರಿ ಕಿಟಕಿ ಎರಡು ತೆರೆದಿಟ್ಟೆ:
ಒಂದು ರೂಟರಿನ ಕದ ತಟ್ಟುತ್ತ, ಇನ್ನೊಂದು ಹೊರಗಿನ ಲೋಕದ್ದು.
ಇದ್ದೀಯಾ? ಇದ್ದೇನೆ. ಇದ್ದೀಯಾ? ಇದ್ದೇನೆ.
ಸೆಕೆಂಡಿಗೊಂದು ಸಲ, ಆರು ರಾತ್ರಿ.
ಆ ಹೊತ್ತು ಬಂದಾಗ ಒಳಗಿನದು ಥಟ್ಟನೆ ಓಗೊಟ್ಟಿತು,
ಹೊರಗಿನದು ಬಾಯಿ ಬಿಡಲಿಲ್ಲ.
ಅಂದರೆ ಒಳದಾರಿ ಸರಿ. ಹೊಸ್ತಿಲಲ್ಲೇ
ಯಾರೋ ದೊಡ್ಡ ಹೊರೆ ಹೊತ್ತು ನಿಂತಿದ್ದಾರೆ.

ರೂಟರಿನ ಪಟ್ಟಿ: ನನ್ನದು, ಅಜ್ಜಿಯ ಟ್ಯಾಬು, ಟೀವಿ.
ನೋಡುತ್ತಿದ್ದಂತೆ ನಾಲ್ಕನೆಯದೊಂದು ಮೂಡಿ
ಹೊರಹೋಗುವ ದಾರಿಯನ್ನೆಲ್ಲ ತಾನೇ ತುಂಬಿತು.
ನಿಮಿಷದ ಮೇಲೆ ಬಾಗಿಲಲ್ಲಿ ಕೀಲಿ ತಿರುಗಿತು.

ಅಪ್ಪ.
ಕ್ಲೈಪೆಡದ ಬಂದರಿನಲ್ಲಿ ಕ್ರೇನು ನಡೆಸುವವನು,
ನಲವತ್ತು ಮೀಟರು ಮೇಲೆ ಗಾಜಿನ ಗೂಡಿನಲ್ಲಿ ದಿನವಿಡೀ ಒಬ್ಬನೇ.
ಮೂರನೆಯ ಮಹಡಿಯಲ್ಲೇ ಅವನ ಫೋನಿಗೆ ಮನೆ ಸಿಗುತ್ತದೆ;
ಮೊಣಕಾಲು ಒತ್ತಿಕೊಂಡು ಅವನು ನಾಲ್ಕನೆಯದಕ್ಕೆ ಏರುವಷ್ಟರಲ್ಲಿ
ಅಂದಿನ ಚಿತ್ರಗಳನ್ನೆಲ್ಲ ಅದು ಎತ್ತಿ ಎತ್ತಿ ಕಳಿಸುತ್ತಿರುತ್ತದೆ.

ಕೇಳಿದೆ. ಕೆಫೀರು ಕುಡಿಯುತ್ತ ತೋರಿಸಿದ.
ಮಂಜಿನಿಂದ ಮೂತಿಯಷ್ಟೇ ಹೊರಗಿಟ್ಟ ಹಡಗು.
ಕಂಟೇನರು: ಕೆಂಪು, ಕೆಂಪು, ಹಸಿರು, ಕೆಂಪು.
ಕೊಕ್ಕೆಯ ಮೇಲೆ ಕೂತ ಕಡಲಹಕ್ಕಿ,
ನಾಲ್ಕು ನಿಮಿಷದ ವಿಡಿಯೊ, ಹಕ್ಕಿ ಹಾರಲೇ ಇಲ್ಲ.
‘ಯಾರಿಗಪ್ಪಾ ಇವೆಲ್ಲ?’
‘ಇರಲಿ ಅಂತ.’

ನನ್ನನ್ನು ದಿನಾ ಕೊಂದದ್ದು ಈ ಹಕ್ಕಿ.

ರಿಪೇರಿ ಐದು ನಿಮಿಷದ್ದು.
ಈ ಫೋನಿಗೆ ಇಷ್ಟೇ ಅಗಲದ ದಾರಿ ಎಂದು ರೂಟರಿಗೆ ಹೇಳಿದೆ.
ಬೆಣ್ಣೆಯಿಂದ ಕೂದಲು ತೆಗೆದಂತಾಯಿತು ಆಟ.
‘ಕಂಬಕ್ಕೆ ಕಾಲು ಬಂತು’ ಎಂದ ಜಾಬಾ.
ಗುರುವಾರ ಗೆದ್ದು ಗೆದ್ದು ಹೆಡ್‌ಫೋನು ತೆಗೆದಾಗ ಹನ್ನೆರಡೂವರೆ.
ಅಡುಗೆಮನೆಯಲ್ಲಿ ತೊಳೆದಿಟ್ಟ ಲೋಟ, ಒಂದು ತಟ್ಟೆ,
ರೈ ಬ್ರೆಡ್ಡಿನ ಕರಿ ಪುಡಿ.
ಅಪ್ಪ ಬಂದು, ಉಂಡು, ಮಲಗಿಯಾಗಿತ್ತು.

ಮುಂಚೆ ಹಾಗಿರಲಿಲ್ಲ.
ಸತ್ತ ಸಿಟ್ಟಿಗೆ ಹೆಡ್‌ಫೋನು ಕಿತ್ತು ತಿರುಗಿದರೆ
ಬಾಗಿಲಲ್ಲಿ ಬೂಟಿನ ಲಾಡಿ ಬಿಚ್ಚುತ್ತಿರುತ್ತಿದ್ದ,
‘ಇವತ್ತೂ ಹೋದೆಯಾ?’ ಎನ್ನುತ್ತಿದ್ದ.

ನಿನ್ನೆ ಕಟ್ಟು ಕೊಂಚ ಸಡಿಲಿಸಿದೆ.
ಸಾಯುವಷ್ಟಲ್ಲ.
ಮೂವತ್ತೆಂಟು ನೂರಾಹತ್ತು ಆಗುವಷ್ಟು,
ಓಡುವ ಕಾಲು ಒಮ್ಮೆ ತೊಡರುವಷ್ಟು.

ಜಾಬಾನಿಗೆ ಹೇಳಿಲ್ಲ.
ರೂಟರು ಹಳೆಯದು ಅಂದಿದ್ದೇನೆ.